ಬಿತ್ರಾ ದ್ವೀಪದ ಜನಜೀವನ

ಅರಬ್ಬೀ ಸಮುದ್ರದ ಭೂಪಟವನ್ನು ಬಿಡಿಸಿಟ್ಟುಕೊಂಡು, ಮಂಗಳೂರಿನಿಂದ ಪಶ್ಚಿಮಕ್ಕೆ, ಕೊಂಚ ತೆಂಕಲಾಗಿ, ಸುಮಾರು ೩೨೦ ಕಿಲೋಮೀಟರುಗಳಷ್ಟು ದೂರ ಬೆರಳೋಡಿಸಿದರೆ ಲಕ್ಷದ್ವೀಪಸ್ತೋಮದ ಉತ್ತರ ಭಾಗದಲ್ಲಿ ಒಂದು ಚುಕ್ಕೆ ಸಿಕ್ಕುತ್ತದೆ. ಭೂಪಟ ಸಣ್ಣದಾಗಿದ್ದರೆ ಆ ಚುಕ್ಕೆಯೂ ಇರುವುದಿಲ್ಲ. ಅದೇ ಬಿತ್ರಾ ದ್ವೀಪ. ಉದ್ದ ೫೭೦ ಮೀಟರು, ಅಗಲ ೨೮೦ ಮೀಟರು. ವಿಸ್ತೀರ್ಣ ಸುಮಾರು ೨೬ ಎಕರೆ. ಬೆಂಗಳೂರಿನ ಲಾಲ್‌ಬಾಗನ್ನು ಒಂಬತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ೨೦೧೧ರ ಜನಗಣತಿಯಲ್ಲಿ ಇಲ್ಲಿ ಎಣಿಕೆಗೆ ಸಿಕ್ಕ ಜನ ೨೭೧. ಇಷ್ಟು ಕಿರಿದಾದ ಊರಿನ ವಿಚಾರವಾಗಿ ನಾವು ಇಂದು ತಮ್ಮ ಮುಂದೆ ಮಾತನಾಡಲು ಹೊರಟಿರುವುದಕ್ಕೆ ಕಾರಣವುಂಟು. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಈ ದ್ವೀಪಕ್ಕೂ ಕನ್ನಡ ನಾಡಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮೀನ್‌ದಿವಿಗಳೆಂದು ಹೆಸರು. ಕಣ್ಣನೂರಿನ ಅರಕ್ಕಲ್ ಮನೆತನದವರ ಆಳಿಕೆಯಿಂದ ಬೇಸತ್ತ ಅಮಿನಿಯ ಜನರು ೧೭೮೩ರಲ್ಲಿ ಮಂಗಳೂರಿಗೆ ಬಂದು ಟಿಪ್ಪೂ ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಮೈಸೂರಿಗೆ ಸೇರಿದವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅವು ಕುಂಪಣಿಯವರ ಕೈಗೆ ಬಂದವು. ಅಲ್ಲಿಂದ ೧೯೫೬ರ ನವೆಂಬರ್ ೧ರವರೆಗೂ ಅವುಗಳ ಆಡಳಿತ ನಡೆದದ್ದು ಮಂಗಳೂರಿನ ಕಚೇರಿಯಿಂದಲೇ. ಅಮಿನಿಯಲ್ಲಿದ್ದ ಅಧಿಕಾರಿಗೆ ಮಣೆಗಾರನೆಂದು ಹೆಸರು. ದ್ವೀಪದವರು ತೆಂಗಿನ ನಾರನ್ನು ಹೊಸೆದು ಮಾಡಿದ ಹುರಿಯನ್ನು ಸರ್ಕಾರವು ತಾನೇ ಗೊತ್ತುಮಾಡಿದ ಬೆಲೆಗೆ ಕೊಂಡು, ಬದಲಿಗೆ ಅಕ್ಕಿಯನ್ನು ಕೊಡುತ್ತಿತ್ತು. ಕಡಲಿನಲ್ಲಿ ಹುಟ್ಟಿ ಬೆಳೆದವರು ಗದ್ದೆಯ ಅನ್ನಕ್ಕೆ ದಕ್ಷಿಣ ಕನ್ನಡದ ಕಡೆ ಮುಖಮಾಡಿ ಕೂತಿದ್ದರೆಂದರೆ ತಪ್ಪಾಗದು. ವರ್ಷಕ್ಕೊಮ್ಮೆ ಮಳೆಗಾಲ ಮುಗಿದೊಡನೆ ಅವರ ಓಡಗಳು ಹುರಿ, ಬೆಲ್ಲ, ಕೊಬ್ಬರಿಗಳನ್ನು ಹೇರಿಕೊಂಡು ಮಂಗಳೂರಿನ ಬಂದರಕ್ಕೆ ಬರುತ್ತಿದ್ದವು.

ಆ ಕಾಲದಲ್ಲಿ ಬಿತ್ರಾದಲ್ಲಿ ನೆಲಸಿದ ಜನರಿರಲಿಲ್ಲ. ಅದು ಕಡಲಹಕ್ಕಿಗಳ ಸಂತಾನಭೂಮಿಯಾಗಿತ್ತು. ಚೆತ್ಲಾತ್, ಕಿಲ್ತಾನ್‌ಗಳ ಜನ ಮೊಟ್ಟೆಗಳನ್ನು ಆಯುವುದಕ್ಕೂ, ಅಲ್ಲಿ ಸಮಾಧಿಹೊಂದಿದನೆಂದು ನಂಬಲಾದ ಮಾಲಿಕ್ ಮುಲ್ಲಾ ಎಂಬ ಸಂತನ ಗೋರಿಯ ದರ್ಶನಕ್ಕೂ ಹೋಗಿ ಹಿಂದಿರುಗುತ್ತಿದ್ದರು. ೧೯೪೫ರ ಸುಮಾರಿನಲ್ಲಿ ಚೆತ್ಲಾತಿನ ಒಬ್ಬ ಮುದುಕಿಯೂ ಆಕೆಯ ಮಗನೂ ಅಲ್ಲಿಯೇ ಉಳಿದರಂತೆ. ಇಂದಿನ ಊರಿಗೆ ಅವರೇ ಮೂಲ. ರಾಜರ ಶಾಸನವಿಲ್ಲ, ದಂಡಯಾತ್ರೆಯಿಲ್ಲ. ಒಬ್ಬ ತಾಯಿ ಗುಡಿಸಲು ಹಾಕಿದಳು, ಊರಾಯಿತು.

ಇಂಥ ನೆಲದಲ್ಲಿ ಮನುಷ್ಯನು ಬದುಕುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ದ್ವೀಪವು ಹವಳದ ಪುಡಿಯಿಂದಾದದ್ದು. ಕಡಲಿಗಿಂತ ಒಂದೆರಡು ಮೀಟರು ಎತ್ತರ. ಹೊಳೆಯಿಲ್ಲ, ಕೆರೆಯಿಲ್ಲ. ಆದರೂ ಬಾವಿ ತೋಡಿದರೆ ಸಿಹಿನೀರು ಬರುತ್ತದೆ! ಮಳೆಯ ನೀರು ಮರಳಿನೊಳಗಿಳಿದು, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ಹಾಲಿನ ಮೇಲಿನ ಕೆನೆಯಂತೆ ತೇಲುತ್ತಿರುವುದೇ ಇದರ ಗುಟ್ಟು. ಕಡಲಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ನಲವತ್ತಡಿಯಷ್ಟು ಇರಬಹುದೆಂದು ಶಾಸ್ತ್ರಜ್ಞರ ಲೆಕ್ಕ. ಆದರೆ ದ್ವೀಪ ಚಿಕ್ಕದಾದಷ್ಟೂ ಈ ಕೆನೆ ತೆಳುವಾಗುತ್ತದೆ. ಆಸೆಪಟ್ಟು ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ಇದಕ್ಕಾಗಿ ೨೦೦೫ರಲ್ಲಿ ಕವರತ್ತಿ ದ್ವೀಪದಲ್ಲಿ, ಮೇಲಿನ ಬಿಸಿನೀರಿಗೂ ಆಳದ ತಣ್ಣೀರಿಗೂ ಇರುವ ವ್ಯತ್ಯಾಸವನ್ನೇ ಬಳಸಿ, ದಿನಕ್ಕೆ ಒಂದು ಲಕ್ಷ ಲೀಟರು ಕಡಲನೀರನ್ನು ಸಿಹಿಮಾಡುವ ಯಂತ್ರವನ್ನು ಸ್ಥಾಪಿಸಿದರು. ನಮ್ಮವರ ಬುದ್ಧಿಶಕ್ತಿಗೆ ಮೆಚ್ಚತಕ್ಕ ಕೆಲಸ.

ಮೇ ತಿಂಗಳ ನಡುವಿನಿಂದ ಸೆಪ್ಟೆಂಬರಿನವರೆಗೆ ಕಡಲು ಕೆರಳಿರುತ್ತದೆ. ಸಣ್ಣ ದೋಣಿಗಳು ಹವಳದ ದಂಡೆಯನ್ನು ದಾಟುವಂತಿಲ್ಲ. ಆ ತಿಂಗಳುಗಳಿಗೆ ಬೇಕಾದ ಅಕ್ಕಿಬೇಳೆಯನ್ನು ಮುಂಚೆಯೇ ಕೂಡಿಹಾಕಬೇಕು. ತೆಂಗು ಒಂದೇ ತೋಟ. ಅದಕ್ಕೂ ಇಲಿಗಳ ಕಾಟ. ಈ ದ್ವೀಪಗಳ ಇಲಿಗಳು ನೆಲಕ್ಕಿಳಿಯದೆ ತೆಂಗಿನ ತಲೆಯಲ್ಲಿಯೇ ಸಂಸಾರ ಹೂಡುತ್ತವೆ. ಹಿಂದೆ ಊರಿನ ಗಂಡಸರೆಲ್ಲರೂ ಗೊತ್ತಾದ ದಿನ ಕೂಡಿ ಇಲಿಬೇಟೆಗೆ ಹೊರಡಬೇಕೆಂಬ ಕಟ್ಟಳೆಯೇ ಇತ್ತು. ಹುಲಿಬೇಟೆಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ನಗೆ ತರಿಸಿದರೂ, ಅವರಿಗೆ ಅದು ಅನ್ನದ ಪ್ರಶ್ನೆ.

ಅವರ ಆಸ್ತಿಯ ಕ್ರಮವೂ ಗಮನಾರ್ಹವಾದದ್ದು. ಜನರೆಲ್ಲ ಮುಸಲ್ಮಾನರಾದರೂ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ, ನಮ್ಮ ತುಳುನಾಡಿನ ಅಳಿಯಸಂತಾನದಂತೆ. ಪಿತ್ರಾರ್ಜಿತವೆನ್ನುವ ಬದಲು ಮಾತ್ರಾರ್ಜಿತವೆನ್ನಬೇಕಾದ ಕುಟುಂಬದ ಸೊತ್ತಿಗೆ ‘ಶುಕ್ರವಾರದ ಸೊತ್ತು’ ಎಂದೂ, ಒಬ್ಬೊಬ್ಬನು ದುಡಿದು ಗಳಿಸಿ ಇಸ್ಲಾಮಿನ ಧರ್ಮಶಾಸ್ತ್ರದಂತೆ ಹಂಚತಕ್ಕ ಸೊತ್ತಿಗೆ ‘ಸೋಮವಾರದ ಸೊತ್ತು’ ಎಂದೂ ಹೆಸರು. ಎರಡು ಧರ್ಮಶಾಸ್ತ್ರಗಳು ಜಗಳವಾಡದಂತೆ ವಾರದ ಎರಡು ದಿನಗಳನ್ನು ಹಂಚಿಕೊಟ್ಟ ಆ ಹಿರಿಯರ ಜಾಣ್ಮೆಗೆ ಏನೆನ್ನೋಣ!

ಈಗ ನಾವು ಮೊದಲು ಸೂಚಿಸಿದ ಕಾರಣಕ್ಕೆ ಬರುತ್ತೇವೆ. ೨೦೨೫ರ ಜುಲೈನಲ್ಲಿ ಲಕ್ಷದ್ವೀಪದ ಆಡಳಿತದವರು, ಬಿತ್ರಾದ ನೆಲವೆಲ್ಲವನ್ನೂ ದೇಶರಕ್ಷಣೆಯ ಇಲಾಖೆಗಳಿಗಾಗಿ ವಶಪಡಿಸಿಕೊಳ್ಳುವ ಉದ್ದೇಶದಿಂದ, ೨೦೧೩ರ ಭೂಸ್ವಾಧೀನ ಕಾಯಿದೆಯ ಮೇರೆಗೆ ಸಾಮಾಜಿಕ ಪರಿಣಾಮದ ಸಮೀಕ್ಷೆಯನ್ನು ಪ್ರಕಟಿಸಿದರು. ದ್ವೀಪವಿರುವ ಜಾಗದ ಮಹತ್ವವನ್ನು ಹೇಳಿದ್ದಲ್ಲದೆ, ಅಲ್ಲಿ ಜನವಸತಿಯನ್ನು ನಡೆಸುವುದರ ಕಷ್ಟವನ್ನೂ ಕಾರಣವಾಗಿ ಕೊಟ್ಟರು. ದ್ವೀಪದವರೂ ಅವರ ಪಾರ್ಲಿಮೆಂಟಿನ ಸದಸ್ಯರೂ ಇದನ್ನು ವಿರೋಧಿಸಿದರು.

ದೇಶದ ರಕ್ಷಣೆ ಅಲ್ಪ ವಿಷಯವೆಂದು ನಾವು ಹೇಳುವವರಲ್ಲ. ಆದರೆ ಎರಡನೆಯ ಕಾರಣವನ್ನು ಪರೀಕ್ಷಿಸಿ ನೋಡುವುದು ಯುಕ್ತ. ಇನ್ನೂರೆಪ್ಪತ್ತು ಜನಕ್ಕಾಗಿ ಹಡಗು, ವೈದ್ಯ, ಶಾಲೆ, ವಿದ್ಯುಚ್ಛಕ್ತಿ ಇಷ್ಟೆಲ್ಲ ವೆಚ್ಚವೇಕೆ ಎಂಬ ವಾದ ಕೇಳುವುದಕ್ಕೆ ಸರಳವಾಗಿದೆ. ಹಾಗೆನ್ನುವವರು ೨೬ ಎಕರೆಯನ್ನು ಮಾತ್ರ ನೋಡುತ್ತಾರೆ. ಬಿತ್ರಾದ ಸುತ್ತ ಹವಳದ ದಂಡೆಯೊಳಗೆ ಸುಮಾರು ೪೫ ಚದರ ಕಿಲೋಮೀಟರಿನ ಲಗೂನು, ಎಂದರೆ ತಿಳಿನೀರಿನ ಒಳಕಡಲು, ಇದೆ. ನೆಲದ ನಾನೂರು ಪಾಲಿಗೂ ಮೀರಿದ್ದು! ಈ ಜನರ ಹೊಲಗದ್ದೆಯೆಲ್ಲ ಅದೇ. ಮಿನಿಕಾಯ್ ದ್ವೀಪದಿಂದ ಕಲಿತ ಒಂದು ವಿಧಾನವುಂಟು: ಲಗೂನಿನಲ್ಲಿ ಕಿರುಮೀನುಗಳನ್ನು ಬಲೆಯಿಂದ ಹಿಡಿದು, ಜೀವದೊಡನೆ ದೋಣಿಯ ನೀರಿನ ತೊಟ್ಟಿಯಲ್ಲಿಟ್ಟು, ಹೊರಗಡಲಿಗೆ ಹೋಗಿ ಎರಚುವುದು, ಟ್ಯೂನ ಮೀನುಗಳು ಮುತ್ತಿದಾಗ ಗಳುವಿನ ಗಾಳದಿಂದ ಒಂದೊಂದನ್ನಾಗಿ ಎತ್ತುವುದು. ಮರಿಗಳನ್ನು ಬಾಚದ, ಕಡಲನ್ನು ಬರಿದು ಮಾಡದ ಬೇಟೆಯಿದು. ಲಗೂನಿನ ಆ ಕಿರುಮೀನಿಲ್ಲದೆ ಇದು ನಡೆಯದು. ಜನರನ್ನು ಬೇರೊಂದು ದ್ವೀಪದಲ್ಲಿ ನೆಲೆಗೊಳಿಸಿ ಮನೆ ಕಟ್ಟಿಕೊಡಬಹುದು. ಅಲ್ಲಿನ ಲಗೂನಿಗೆ ಆಗಲೇ ಅಲ್ಲಿನ ಜನರಿದ್ದಾರೆ.

ಕಡಲಿನಿಂದಲೂ ಅಪಾಯ ಇಲ್ಲದಿಲ್ಲ. ೧೯೯೮, ೨೦೧೦, ೨೦೧೬ರ ಬೇಸಗೆಗಳಲ್ಲಿ ನೀರು ಕಾದು ಲಕ್ಷದ್ವೀಪದ ಹವಳ ಬೆಳ್ಳಗಾಗಿ ಸತ್ತಿತು. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ನಡುಗಡ್ಡೆಗಳಲ್ಲೊಂದು ಪೂರ್ತಿ ಕೊರೆದುಹೋಯಿತೆಂದು ೨೦೧೭ರಲ್ಲಿ ಪ್ರಕಟವಾಯಿತು. ಹವಳದ ದಂಡೆಯೇ ಬಿತ್ರಾದ ಕೋಟೆಗೋಡೆ; ಅದು ಕುಸಿದರೆ ಅಲ್ಲಿ ಮೀನುಗಾರನೂ ನಿಲ್ಲಲಾರ, ಸಿಪಾಯಿಯೂ ನಿಲ್ಲಲಾರ.

ಆದ್ದರಿಂದ ಇಂಥ ಸಮೀಕ್ಷೆಯ ಲೆಕ್ಕದಲ್ಲಿ ಮನೆಗಳೂ ತೆಂಗಿನ ಮರಗಳೂ ಬಂದರೆ ಸಾಲದು. ಲಗೂನಿಗೆ ಸರ್ವೆ ನಂಬರಿಲ್ಲ, ಪಟ್ಟೆಯಿಲ್ಲ. ಪರಿಹಾರದ ಪಟ್ಟಿಯಲ್ಲಿ ಅದು ಬಿಟ್ಟುಹೋಗುವುದು ಸುಲಭ. ವರ್ಷಕ್ಕೆ ಅಲ್ಲಿಂದ ಎಷ್ಟು ಮೀನು ಬರುತ್ತದೆ, ಎಷ್ಟು ದೋಣಿಗಳು ಅದನ್ನು ನಂಬಿವೆ, ಶುಕ್ರವಾರದ ಸೊತ್ತಿಗೆ ಹಣ ಬಂದರೆ ಅದು ಮನೆಯ ಯಾವ ಹೆಂಗಸರ ಕೈ ಸೇರತಕ್ಕದ್ದು ಎಂಬಿವನ್ನೂ ಬಿತ್ರಾದಲ್ಲಿಯೇ, ಆ ಜನರನ್ನೇ ಕೇಳಿ ಬರೆದುಕೊಳ್ಳಬೇಕು.