ಲಿಕ್ವಿಡ್ ಕೂಲರ್ ತಗೊಳ್ಳೋ ಮುಂಚೆ: ಸದ್ದಿನ ಲೆಕ್ಕಾಚಾರ



ಇವತ್ತು ಮನೆಯಲ್ಲಿರೋ ಡೆಸ್ಕ್‌ಟಾಪ್ ಕಂಪ್ಯೂಟರಿನ ಸದ್ದಿನ ಬಗ್ಗೆ ಮಾತಾಡೋಣ. ನಮ್ಮಲ್ಲಿ ತುಂಬಾ ಜನ ಇರೋದು ಒಂದು ಅಥವಾ ಎರಡು ಬಿಎಚ್‌ಕೆ ಬಾಡಿಗೆ ಮನೆಯಲ್ಲಿ. ಬೆಡ್‌ರೂಮಿನ ಮೂಲೆಯಲ್ಲೇ ಆಫೀಸು. ರಾತ್ರಿ ಹತ್ತೂವರೆಗೆ ಅಮೆರಿಕದ ಟೀಮಿನ ಕಾಲ್, ಜೊತೆಗೆ ಹಿಂದೆ ಒಂದು ಬಿಲ್ಡ್ ಓಡ್ತಾ ಇರುತ್ತೆ, ಪಕ್ಕದಲ್ಲಿ ಮಗು ಮಲಗಿರುತ್ತೆ. ಇಲ್ಲಾ ಊರಿಂದ ಬಂದ ಅಮ್ಮ ಹಾಲಿನಲ್ಲಿ ಮಲಗಿರ್ತಾರೆ. ಆ ಹೊತ್ತಿಗೆ ಮೇಜಿನ ಕೆಳಗಿನ ಡಬ್ಬ ಮಿಕ್ಸಿ ಥರ ಕೂಗೋಕೆ ಶುರು ಮಾಡಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬಿಡುವಿದ್ದಾಗ ಗೆಳೆಯರಿಗೆ ಕಂಪ್ಯೂಟರ್ ಜೋಡಿಸಿಕೊಡೋದು ಹವ್ಯಾಸ. ನನಗೆ ಬರೋ ಫೋನುಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಲಿಕ್ವಿಡ್ ಕೂಲರ್ ಹಾಕಿಸಿದ್ರೆ ಸದ್ದು ಹೋಗುತ್ತಂತೆ, ಯಾವುದು ತಗೊಳ್ಳಲಿ?” ಮುಂಬೈನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಚೆನ್ನೈನ ರಿಚಿ ಸ್ಟ್ರೀಟಿಗೆ ಹೋಗಿ, ದೆಹಲಿಯ ನೆಹರು ಪ್ಲೇಸಿಗೆ ಹೋಗಿ, ಮೊದಲು ಕಣ್ಣಿಗೆ ಬೀಳೋದು ಬಣ್ಣದ ದೀಪ, ಮೇಲೊಂದು ಪುಟ್ಟ ಸ್ಕ್ರೀನ್ ಇರೋ ಮಾಡೆಲ್ಲು. ಅದಕ್ಕೆ ಹತ್ತು ಹದಿನೈದು ಸಾವಿರ ಕೊಡೋ ಮುಂಚೆ, ಸದ್ದು ಹುಟ್ಟೋದು ಎಲ್ಲಿ ಅಂತ ನೋಡೋಣ.

ನೀರು ಮಾಡೋ ಕೆಲಸ

ಲಿಕ್ವಿಡ್ ಕೂಲರಿನಲ್ಲಿ ಇರೋದು ಸಿಪಿಯು ಮೇಲೆ ಕೂರುವ ತಾಮ್ರದ ತಟ್ಟೆ, ಒಂದು ಪಂಪು, ಎರಡು ಪೈಪು, ಆಮೇಲೆ ಫ್ಯಾನ್ ಕೂರಿಸಿದ ರೇಡಿಯೇಟರ್. ಕಾರ್ಖಾನೆಯಲ್ಲೇ ನೀರು ತುಂಬಿ ಸೀಲ್ ಮಾಡಿ ಬರೋದನ್ನ ಎಐಒ ಅಂತಾರೆ. ನಾವು ಕೊಳ್ಳೋದು ಸಾಮಾನ್ಯವಾಗಿ ಇದನ್ನೇ.

ಇಲ್ಲಿ ನೀರು ಬಿಸಿಯನ್ನ ಸಿಪಿಯು ಹತ್ತಿರ ಹೊತ್ಕೊಂಡು ರೇಡಿಯೇಟರಿನಲ್ಲಿ ತಂದು ಇಳಿಸುತ್ತೆ. ಕೂಲಿಂಗ್ ಅನ್ನೋದಕ್ಕಿಂತ ಕೂಲಿ ಕೆಲಸ ಅನ್ನಬಹುದು. ಆ ಬಿಸಿಯನ್ನ ಕೊನೆಗೆ ಗಾಳಿಗೆ ದಾಟಿಸೋದು ಫ್ಯಾನು. ಮಾಮೂಲಿ ಏರ್ ಕೂಲರಿನಲ್ಲೂ ಅದನ್ನ ಮಾಡೋದು ಫ್ಯಾನೇ. ಏರ್ ಕೂಲರ್ ಅಂದ್ರೆ ಬೇಸಿಗೆಯಲ್ಲಿ ನೀರು ಹಾಕಿ ಇಡ್ತೀವಲ್ಲ, ಅದಲ್ಲ. ಸಿಪಿಯು ಮೇಲಿನ ಲೋಹದ ಗೋಪುರ. ಹಾಗಾಗಿ ಸದ್ದಿನ ಪ್ರಶ್ನೆ ಅಂದ್ರೆ ಮೊದಲಿಗೆ ಫ್ಯಾನಿನ ಪ್ರಶ್ನೆ.

ಫ್ಯಾನಿನ ಲೆಕ್ಕ ತುಂಬಾ ಚೆನ್ನಾಗಿದೆ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತೆ. ಒಂದರ ಬದಲು ಅದೇ ವೇಗದ ಮೂರು ಫ್ಯಾನ್ ಹಾಕಿದರೆ ಸದ್ದು ಏರೋದು ಸುಮಾರು 5 ಡೆಸಿಬೆಲ್ ಮಾತ್ರ. ಎರಡನ್ನೂ ಕೂಡಿಸಿ ನೋಡಿ. 1600 ಆರ್‌ಪಿಎಂನಲ್ಲಿ ತಿರುಗೋ ಒಂದು ಫ್ಯಾನಿನ ಜಾಗದಲ್ಲಿ 800 ಆರ್‌ಪಿಎಂನಲ್ಲಿ ತಿರುಗೋ ಮೂರು ಫ್ಯಾನ್ ಇಟ್ಟರೆ, ಗಾಳಿ ಒಂದೂವರೆ ಪಟ್ಟು ಸಿಗುತ್ತೆ, ಸದ್ದು 10 ಡೆಸಿಬೆಲ್ ಕಡಿಮೆ. ನಮ್ಮ ಕಿವಿಗೆ 10 ಡೆಸಿಬೆಲ್ ಇಳಿದರೆ ಹೆಚ್ಚುಕಡಿಮೆ ಸದ್ದು ಅರ್ಧ ಆದ ಹಾಗೆ.

ಲಿಕ್ವಿಡ್ ಕೂಲರಿನ ದೊಡ್ಡ ಉಪಯೋಗ ಇದೇ. ಸಿಪಿಯು ಸುತ್ತ ಮೂರು ಫ್ಯಾನ್ ಕೂರಿಸೋಕೆ ಜಾಗ ಇಲ್ಲ, ಪೈಪ್ ಎಳೆದು ಕ್ಯಾಬಿನೆಟ್ಟಿನ ಮೇಲ್ಗಡೆ ಕೂರಿಸಬಹುದು. ನಾವು ದುಡ್ಡು ಕೊಡ್ತಿರೋದು ಆ ಜಾಗಕ್ಕೆ.

ಈಗ ಸೈಜು. 120 ಎಂಎಂನ ಎರಡು ಫ್ಯಾನ್ ಇದ್ದರೆ 240, ಮೂರಿದ್ದರೆ 360. 140 ಎಂಎಂನ ಎರಡು ಫ್ಯಾನ್ ಇದ್ದರೆ 280. ಮುಖದ ಅಳತೆ ಲೆಕ್ಕ ಹಾಕಿದರೆ 240ಕ್ಕಿಂತ 360 ಐವತ್ತು ಪರ್ಸೆಂಟ್ ದೊಡ್ಡದು, 280 ಸುಮಾರು ಮೂವತ್ತಾರು ಪರ್ಸೆಂಟ್ ದೊಡ್ಡದು. 360 ಹಿಡಿಸದ ಕ್ಯಾಬಿನೆಟ್ ಇರೋರು 280 ಹಿಡಿಸುತ್ತಾ ಅಂತ ಅಳೆದು ನೋಡಿ, ಒಳ್ಳೆ ಮಧ್ಯದ ದಾರಿ. ಒಂದೇ ಫ್ಯಾನಿನ 120 ಎಂಎಂ ಲಿಕ್ವಿಡ್ ಕೂಲರನ್ನ ಸದ್ದಿನ ಕಾರಣಕ್ಕೆ ತಗೊಳ್ಳೋದರಲ್ಲಿ ಅರ್ಥವಿಲ್ಲ. ಅದೇ ಒಂದು ಫ್ಯಾನು, ಮೇಲಿಂದ ಒಂದು ಪಂಪು.

ಪಂಪಿನ ಗುಂಯ್

ಪಂಪು ಅಂದೆ ನೋಡಿ, ಏರ್ ಕೂಲರಿನಲ್ಲಿ ಇಲ್ಲದ ಒಂದು ಸದ್ದನ್ನ ಲಿಕ್ವಿಡ್ ಕೂಲರ್ ಹೊಸದಾಗಿ ತರುತ್ತೆ. ಫ್ಯಾನಿನ ಸದ್ದು ಗಾಳಿಯ ಥರ ಇರುತ್ತೆ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತೆ. ಪಂಪಿನದು ಒಂದೇ ಶ್ರುತಿಯ ಗುಂಯ್‌ಗುಡುವಿಕೆ. ಡೆಸಿಬೆಲ್‌ನಲ್ಲಿ ಕಡಿಮೆ ಇದ್ದರೂ ರಾತ್ರಿ ಹೊತ್ತು ಕಿವಿಗೆ ಅದೇ ಚುಚ್ಚೋದು. ಸುಮ್ಮನೆ ಮೇಲ್ ಓದ್ತಾ ಕೂತಾಗ, ಒಳ್ಳೆ ಏರ್ ಕೂಲರಿಗಿಂತ ಲಿಕ್ವಿಡ್ ಕೂಲರೇ ಹೆಚ್ಚು ಸದ್ದು ಮಾಡೋದೂ ಉಂಟು.

ಅದಕ್ಕೆ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಪಂಪಿನ ವೇಗವನ್ನ ಫ್ಯಾನಿನಿಂದ ಬೇರೆಯಾಗಿ ಬದಲಾಯಿಸೋಕೆ ಆಗುತ್ತಾ? ಆಗುತ್ತೆ ಅಂದ್ರೆ ಅದನ್ನ ಮದರ್‌ಬೋರ್ಡಿನಲ್ಲಿ ಬೇರೆ ಜಾಗಕ್ಕೆ ಸಿಕ್ಕಿಸಿ, ಬಯೋಸ್‌ನಲ್ಲಿ ಕಂಪನಿ ಹೇಳಿದ ಮಿತಿಯೊಳಗೆ ಒಂದೇ ವೇಗಕ್ಕೆ ಇಳಿಸಿ ಇಡಿ. ತಾಪ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಏರುತ್ತೆ, ಗುಂಯ್ ಅನ್ನೋದು ಎಷ್ಟೋ ತಗ್ಗುತ್ತೆ. ಪಂಪಿನ ವೇಗ ಪದೇ ಪದೇ ಏರಿಳಿಯೋ ಹಾಗೆ ಮಾತ್ರ ಬಿಡಬೇಡಿ, ಒಂದೇ ಸಮನೆ ಇದ್ದರೆ ಕಿವಿ ಮರೆಯುತ್ತೆ.

ಪಂಪಿನಲ್ಲಿ ಗುಳುಗುಳು ಅಂತ ನೀರಿನ ಸದ್ದು ಬಂದರೆ ಒಳಗೆ ಗಾಳಿಗುಳ್ಳೆ ಸೇರಿದೆ ಅಂತ ಅರ್ಥ. ಗಾಳಿ ಯಾವಾಗಲೂ ಮೇಲಕ್ಕೆ ಹೋಗುತ್ತೆ. ರೇಡಿಯೇಟರ್ ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿದ್ದರೆ ಗಾಳಿ ಅಲ್ಲೇ ನಿಲ್ಲುತ್ತೆ, ಪಂಪಿಗೆ ಬರಲ್ಲ. ಮುಂಭಾಗದಲ್ಲಿ ನಿಲ್ಲಿಸೋದಾದರೆ ರೇಡಿಯೇಟರಿನ ತುದಿ ಪಂಪಿಗಿಂತ ಮೇಲಿರಬೇಕು, ಪೈಪುಗಳು ಕೆಳಗಿನಿಂದ ಬಂದರೆ ಇನ್ನೂ ಒಳ್ಳೇದು. ಇಡೀ ವ್ಯವಸ್ಥೆಯಲ್ಲಿ ಪಂಪೇ ಎತ್ತರದ ಜಾಗ ಆಗಬಾರದು. ಸದ್ದಿನ ಜೊತೆಗೆ ಪಂಪಿನ ಆಯಸ್ಸಿಗೂ ಅದು ಕೆಟ್ಟದ್ದು.

ಮೊದಲು ವ್ಯಾಟ್ ನೋಡಿ

ಎಷ್ಟು ದೊಡ್ಡ ಕೂಲರ್ ಬೇಕು ಅನ್ನೋದನ್ನ ನಿಮ್ಮ ಸಿಪಿಯು ಎಷ್ಟು ವ್ಯಾಟ್ ಕುಡಿಯುತ್ತೆ ಅನ್ನೋದೇ ತೀರ್ಮಾನ ಮಾಡುತ್ತೆ. ಎಎಂಡಿಯ ರೈಜನ್ 7 7700ರ ಮಿತಿ 88 ವ್ಯಾಟ್. ರೈಜನ್ 9 7950ಎಕ್ಸ್‌ನ ಮಿತಿ 230. ಇಂಟೆಲ್ ಕೋರ್ ಐ9-14900ಕೆಗೆ ಕಂಪನಿ ಹೇಳೋ ಗರಿಷ್ಠ 253. ಮೊದಲನೆಯದಕ್ಕೆ ಒಳ್ಳೆ ಏರ್ ಕೂಲರ್ ಧಾರಾಳ ಸಾಕು, ರಾತ್ರಿಯಲ್ಲೂ ಕೇಳಿಸಲ್ಲ. 2014ರಲ್ಲಿ ಬಂದ ನಾಕ್ಟುವಾ ಎನ್‌ಎಚ್-ಡಿ15 ಅನ್ನೋ ಎರಡು ಗೋಪುರದ ಏರ್ ಕೂಲರ್ ಇವತ್ತಿಗೂ ಎಷ್ಟೋ 240 ಎಂಎಂ ಲಿಕ್ವಿಡ್ ಕೂಲರ್‌ಗಳ ಪಕ್ಕದಲ್ಲಿ ತಲೆ ಎತ್ತಿ ನಿಲ್ಲುತ್ತೆ. ಅಂಥದೇ ವಿನ್ಯಾಸದ ಕಡಿಮೆ ಬೆಲೆಯವು ಈಗ ಬೇಕಾದಷ್ಟಿವೆ.

ಹೈದರಾಬಾದಿನಲ್ಲಿರೋ ನನ್ನ ಒಬ್ಬ ಗೆಳೆಯ, ರಾಯಚೂರಿನವರು, 7950ಎಕ್ಸ್ ಹಾಕಿಸಿದ್ದರು. ಆರು ತಿಂಗಳ ಮಗು ಅದೇ ರೂಮಿನಲ್ಲಿ ಮಲಗೋದು. “ಬಿಲ್ಡ್ ಹಾಕಿದ ತಕ್ಷಣ 95 ಡಿಗ್ರಿ ತೋರಿಸ್ತದ, ಫ್ಯಾನು ಹುಚ್ಚು ಹಿಡಿದಂಗ ತಿರುಗ್ತದ, ಕೂಸು ಎದ್ದು ಕೂಡ್ತದ” ಅಂದರು. ಅಂಗಡಿಯಲ್ಲಿ 360 ಎಂಎಂ ಕೂಲರಿಗೆ ರೇಟು ಹೇಳಿಸಿಕೊಂಡು ಬಂದಿದ್ದರು.

ಈ ಸಿಪಿಯು ಸ್ವಭಾವವೇ ಹಾಗೆ. ಭಾರ ಬಿದ್ದಾಗ 95 ಡಿಗ್ರಿಯವರೆಗೂ ಹೋಗಿ ಕೆಲಸ ಮಾಡೋ ಹಾಗೆ ಎಎಂಡಿ ಅದನ್ನ ಮಾಡಿದೆ. ಕೂಲರ್ ದೊಡ್ಡದಾದರೆ ಅದು ಇನ್ನಷ್ಟು ವ್ಯಾಟ್ ಎಳೆದು ಮತ್ತೆ ಆ ಗೆರೆ ಹತ್ತಿರಕ್ಕೇ ಹೋಗೋಕೆ ನೋಡುತ್ತೆ. ಹಾಗಾಗಿ ಬಯೋಸ್‌ನಲ್ಲಿ ಇಕೋ ಮೋಡ್ ಹಾಕಿಸಿದೆ. 105 ವ್ಯಾಟ್‌ನ ಇಕೋ ಮೋಡಿನಲ್ಲಿ ಮಿತಿ 230ರಿಂದ 142 ವ್ಯಾಟಿಗೆ ಇಳಿಯುತ್ತೆ. ವ್ಯಾಟ್ ಇಳಿದಷ್ಟು ವೇಗ ಇಳಿಯಲ್ಲ, ಯಾಕಂದ್ರೆ ಕೊನೆಯ ಸ್ವಲ್ಪ ವೇಗಕ್ಕೇ ಹೆಚ್ಚು ಕರೆಂಟ್ ಹೋಗೋದು. ಅವರ ಹಳೇ ಏರ್ ಕೂಲರೇ ಸಾಕಾಯಿತು. ಹೋದ ಖರ್ಚು ಸೊನ್ನೆ.

ಆಮೇಲೆ ಸದ್ದು ನಿಜವಾಗಿ ಸಿಪಿಯು ಕಡೆಯದ್ದೇನಾ ಅಂತಲೂ ಪತ್ತೆ ಮಾಡ್ಕೊಳ್ಳಿ. ಸಾಫ್ಟ್‌ವೇರಿನಲ್ಲಿ ಒಂದೊಂದೇ ಫ್ಯಾನಿನ ವೇಗ ಇಳಿಸುತ್ತಾ ಕಿವಿಗೊಟ್ಟು ಕೇಳಿ. ಮನೆಯಲ್ಲೇ ಎಐ ಮಾಡೆಲ್ ಓಡಿಸೋರಿಗೆ, ಗೇಮ್ ಆಡೋರಿಗೆ ಕೂಗೋದು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡು. ಸಿಪಿಯುಗೆ ಎಷ್ಟು ದೊಡ್ಡ ಲಿಕ್ವಿಡ್ ಕೂಲರ್ ಹಾಕಿದರೂ ಆ ಸದ್ದು ಹೋಗಲ್ಲ.

ನಮ್ಮ ಊರುಗಳ ಬಿಸಿಲು

ಇನ್ನೊಂದು ಮುಖ್ಯ ವಿಷಯ. ನಾವು ನೋಡೋ ರಿವ್ಯೂಗಳಲ್ಲಿ ಹೆಚ್ಚಿನವು ಇಪ್ಪತ್ತು ಚಿಲ್ಲರೆ ಡಿಗ್ರಿಯ ರೂಮಿನಲ್ಲಿ ಮಾಡಿದ್ದು. ರೇಡಿಯೇಟರ್ ಎಷ್ಟು ಬಿಸಿ ಹೊರಗೆ ಹಾಕುತ್ತೆ ಅನ್ನೋದು ನೀರಿಗೂ ರೂಮಿಗೂ ಇರೋ ತಾಪದ ವ್ಯತ್ಯಾಸದ ಮೇಲೆ ನಿಂತಿದೆ. ನೀರನ್ನ 45 ಡಿಗ್ರಿಯೊಳಗೆ ಇಡಬೇಕು ಅಂದ್ಕೊಳ್ಳಿ. ರೂಮು 23 ಡಿಗ್ರಿ ಇದ್ದರೆ ಕೈಯಲ್ಲಿ 22 ಡಿಗ್ರಿ ಅಂತರ ಇದೆ. ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ ಎಸಿ ಹಾಕದ ರೂಮು 35 ಡಿಗ್ರಿ ಆದರೆ ಉಳಿಯೋದು ಬರೀ 10. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಯಿತು, ಫ್ಯಾನ್ ಓಡಲೇಬೇಕು. ಅದಕ್ಕೆ ರಿವ್ಯೂದಲ್ಲಿ 240 ಸಾಕು ಅಂದಿದ್ದರೆ, ಎಸಿ ಇಲ್ಲದೆ ಕೆಲಸ ಮಾಡೋರು ಒಂದು ಸೈಜು ದೊಡ್ಡದನ್ನೇ ತಗೊಳ್ಳಿ.

ಚೆನ್ನೈ, ಮುಂಬೈನವರು ಕೇಳೋ ಪ್ರಶ್ನೆ: ಈ ಸೆಕೆಯಲ್ಲಿ ಪೈಪಿನ ಮೇಲೆ ಬೆವರಿನ ಹಾಗೆ ನೀರು ಕೂರುತ್ತಾ? ಇಲ್ಲ. ಇಲ್ಲಿನ ನೀರು ಯಾವತ್ತೂ ರೂಮಿನ ಗಾಳಿಗಿಂತ ತಣ್ಣಗಾಗಲ್ಲ.

ಮತ್ತೆ, ಬಿಸಿ ಮನೆ ಬಿಟ್ಟು ಎಲ್ಲೂ ಹೋಗಲ್ಲ. 300 ವ್ಯಾಟ್ ಕುಡಿಯೋ ಕಂಪ್ಯೂಟರ್ ಯಾವ ಕೂಲರ್ ಹಾಕಿದರೂ 300 ವ್ಯಾಟ್ ಬಿಸಿಯನ್ನ ನಿಮ್ಮ ರೂಮಿಗೇ ಸುರಿಯುತ್ತೆ. ಒಂದು ಟನ್ ಎಸಿ ಹೊರಗೆ ಹಾಕೋದು ಸುಮಾರು 3500 ವ್ಯಾಟ್. ವ್ಯಾಟ್ ಇಳಿಸಿದರೆ ಎಸಿಗೂ ಹಗುರ, ಬಿಲ್ಲಿಗೂ ಹಗುರ.

ನೀರಿನ ನಿಜವಾದ ಗುಣ

ನೀರಿಗೆ ಒಂದು ಒಳ್ಳೆ ಗುಣ ಇದೆ, ಅದು ನಿಧಾನವಾಗಿ ಬಿಸಿಯಾಗುತ್ತೆ. ಕೂಲರಿನೊಳಗೆ 200 ಎಂಎಲ್ ನೀರು ಇದೆ ಅನ್ನಿ. 100 ವ್ಯಾಟ್ ಹೆಚ್ಚುವರಿ ಬಿಸಿ ಬಂದು, ಅದನ್ನೆಲ್ಲ ಆ ನೀರೇ ನುಂಗಿದರೂ ಒಂದು ಡಿಗ್ರಿ ಏರೋಕೆ ಎಂಟು ಸೆಕೆಂಡ್ ಬೇಕು. ಅರ್ಧ ನಿಮಿಷದ ಕಂಪೈಲ್ ಮುಗಿಯೋ ಹೊತ್ತಿಗೆ ನಾಲ್ಕೇ ಡಿಗ್ರಿ. ಅಂದ್ರೆ ನಮ್ಮಂಥವರ ಕೆಲಸಕ್ಕೆ, ಆಗಾಗ ಒಂದು ಬಿಲ್ಡು, ಒಂದು ಟೆಸ್ಟು, ಮಧ್ಯೆ ಬಿಡುವು, ಫ್ಯಾನ್ ವೇಗ ಬದಲಾಗೋ ಅಗತ್ಯವೇ ಇಲ್ಲ.

ಆದರೆ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಫ್ಯಾನು ನೋಡೋದು ಸಾಮಾನ್ಯವಾಗಿ ಸಿಪಿಯು ತಾಪವನ್ನ. ಅದು ಕಣ್ಣು ಮಿಟುಕಿಸೋದರಲ್ಲಿ 50ರಿಂದ 80ಕ್ಕೆ ಜಿಗಿಯುತ್ತೆ, ಫ್ಯಾನೂ ಅದರ ಹಿಂದೆ ಜಿಗಿಯುತ್ತೆ. ನೀರಿನ ತಾಪ ಅಳೆಯೋ ಸೆನ್ಸರ್ ಇರೋ ಕೂಲರ್ ಆದರೆ ಫ್ಯಾನನ್ನ ಅದಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಬಯೋಸ್‌ನಲ್ಲಿ ಫ್ಯಾನ್ ಏರೋದನ್ನ ತಡ ಮಾಡೋ ಆಯ್ಕೆ ಇದ್ದರೆ ಅದನ್ನ ಹೆಚ್ಚಿಸಿ. ನಿದ್ದೆ ಕೆಡಿಸೋದು ಸದ್ದಿಗಿಂತ ಹೆಚ್ಚಾಗಿ ಸದ್ದಿನ ಏರಿಳಿತ.

ಅಂಗಡಿಯಲ್ಲಿ

ಡಬ್ಬದ ಮೇಲಿನ ಡೆಸಿಬೆಲ್ ನೋಡಿ ಎರಡು ಕಂಪನಿಗಳನ್ನ ಹೋಲಿಸಬೇಡಿ, ಅಳೆಯೋ ರೀತಿ ಬೇರೆ ಬೇರೆ. ಎಲ್ಲ ಕೂಲರ್‌ಗಳನ್ನೂ ಒಂದೇ ಸದ್ದಿಗೆ ತಂದು ಆಮೇಲೆ ತಾಪ ಅಳೆಯೋ ಪರೀಕ್ಷೆಗಳನ್ನ ಗೇಮರ್ಸ್ ನೆಕ್ಸಸ್ ಥರದವರು ಮಾಡ್ತಾರೆ, ನಮಗೆ ಬೇಕಾದ್ದು ಆ ಅಂಕಿ.

ಮಾಮೂಲಿ ರೇಡಿಯೇಟರ್ ದಪ್ಪ 27 ಎಂಎಂ, ಫ್ಯಾನ್ 25, ಒಟ್ಟು 52. ಮದರ್‌ಬೋರ್ಡ್ ಮೇಲೆ ಅಷ್ಟು ಜಾಗ ಇದೆಯಾ, ರ‍್ಯಾಮ್ ತಾಗುತ್ತಾ ಅಂತ ಟೇಪ್ ಹಿಡಿದು ಅಳೆಯಿರಿ. ಫ್ಯಾನುಗಳು ಮಾಮೂಲಿ ಸ್ಕ್ರೂ, ಮಾಮೂಲಿ ಕನೆಕ್ಟರಿನವಾಗಿರಲಿ, ನಾಳೆ ಹಾಳಾದರೆ ಬೇರೆ ಕಂಪನಿಯದ್ದನ್ನೂ ಹಾಕಬಹುದು. ದೀಪಕ್ಕೆ, ಸ್ಕ್ರೀನಿಗೆ ಕೊಡೋ ದುಡ್ಡನ್ನ ಸೈಜಿಗೆ ಕೊಡಿ.

ವಾರಂಟಿ ಕಾಗದ ಪೂರ್ತಿ ಓದಿ. ಪಂಪು ಸವೆಯುತ್ತೆ, ಪೈಪಿನ ಮೂಲಕ ನೀರು ವರ್ಷಗಟ್ಟಲೆ ಇಷ್ಟಿಷ್ಟೇ ಆರುತ್ತೆ, ಇದು ಶಾಶ್ವತದ ವಸ್ತು ಅಲ್ಲ. ಎಷ್ಟು ವರ್ಷ, ಸೋರಿ ಮದರ್‌ಬೋರ್ಡ್ ಹೋದರೆ ಅದನ್ನೂ ಕೊಡ್ತಾರಾ, ಇವತ್ತು ಪುಣೆಯಲ್ಲಿ ಕೊಂಡು ಮುಂದಿನ ವರ್ಷ ಚೆನ್ನೈಗೆ ಹೋದರೆ ಅಲ್ಲಿ ಸರ್ವಿಸ್ ಸಿಗುತ್ತಾ, ಇಷ್ಟನ್ನೂ ಕೇಳಿ. ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸೋ ನಮ್ಮಂಥವರಿಗೆ ನಾವೇ ಪೈಪ್ ಜೋಡಿಸಿ ನೀರು ತುಂಬೋ ಕಸ್ಟಮ್ ಲೂಪ್ ಬೇಡವೇ ಬೇಡ. ಪ್ರತಿ ಸಲ ನೀರು ಖಾಲಿ ಮಾಡಿ ಮತ್ತೆ ತುಂಬಬೇಕು. ಹಾಕಿದ ಮೇಲೂ ಎರಡು ಮೂರು ತಿಂಗಳಿಗೊಮ್ಮೆ ರೇಡಿಯೇಟರಿನ ಧೂಳು ತೆಗೀರಿ. ಧೂಳು ಕಟ್ಟಿದರೆ ಅದೇ ತಾಪಕ್ಕೆ ಫ್ಯಾನ್ ಇನ್ನೂ ಜೋರಾಗಿ ಓಡಬೇಕಾಗುತ್ತೆ.

ಹಾಗಾದರೆ ಯಾರಿಗೆ ಲಿಕ್ವಿಡ್ ಬೇಕು? ದೊಡ್ಡ ಸಿಪಿಯು ಇದ್ದು, ಮಿತಿ ಇಳಿಸಿದ ಮೇಲೂ ಗಂಟೆಗಟ್ಟಲೆ 150 ವ್ಯಾಟಿಗಿಂತ ಹೆಚ್ಚು ಎಳೆಯೋ ಕೆಲಸ ಇರೋರಿಗೆ. ವಿಡಿಯೋ ರೆಂಡರ್ ಮಾಡೋರು, ದೊಡ್ಡ ಕೋಡ್‌ಬೇಸ್ ದಿನವಿಡೀ ಬಿಲ್ಡ್ ಮಾಡೋರು, ನೀವು 360 ಅಥವಾ 280 ತಗೊಳ್ಳಿ, ಸಂತೋಷವಾಗಿ ತಗೊಳ್ಳಿ. ಉಳಿದವರು ಒಳ್ಳೆ ಏರ್ ಕೂಲರ್ ಹಾಕಿ, ಉಳಿದ ದುಡ್ಡಲ್ಲಿ ಊರಿಗೆ ಒಂದು ಸಲ ಹೋಗಿ ಬನ್ನಿ.

ಅಂಗಡಿಗೆ ಹೊರಡೋ ಮುಂಚೆ ಒಂದು ಚೀಟಿಯಲ್ಲಿ ಮೂರು ಸಂಖ್ಯೆ ಬರ್ಕೊಳ್ಳಿ. ಬಿಲ್ಡ್ ಓಡುವಾಗ ಸಿಪಿಯು ಎಳೆಯೋ ವ್ಯಾಟ್, ಬೇಸಿಗೆಯ ರಾತ್ರಿ ನಿಮ್ಮ ರೂಮಿನ ತಾಪ, ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿರೋ ಜಾಗ. ಆ ಚೀಟಿ ಕೈಯಲ್ಲಿದ್ದರೆ ಅಂಗಡಿಯವರು ಏನು ತೋರಿಸಿದರೂ ನಿಮಗೆ ಬೇಕಾದ್ದು ಯಾವುದು ಅಂತ ನೀವೇ ಹೇಳ್ತೀರಿ.