ದಾಸೋಹಕ್ಕೆ ಡೈಪರೂ ಸಲ್ಲಬೇಕು

(ಕೃಷ್ಣಮೂರ್ತಿಪುರಂನಲ್ಲಿ ನಡೆದ ವಚನಗೋಷ್ಠಿಯಲ್ಲಿ ಆಡಿದ ಮಾತುಗಳು)



ಗೋಷ್ಠಿಗಳಲ್ಲಿ ಯಾರೂ ಎತ್ತದ ವಿಷಯವೊಂದನ್ನು ಎತ್ತುತ್ತಿದ್ದೇನೆ. ಸೆರೆಬ್ರಲ್ ಪಾಲ್ಸಿ, ಸ್ಪೈನಾ ಬೈಫಿಡಾದಂಥ ತೊಂದರೆಯಿರುವ ಅನೇಕ ಮಕ್ಕಳಿಗೆ ಹತ್ತು ಹನ್ನೆರಡು ವರ್ಷವಾದರೂ ಮಲಮೂತ್ರದ ಹಿಡಿತ ಬಂದಿರುವುದಿಲ್ಲ. ಅದು ಮಗುವಿನ ಹಟವಲ್ಲ, ತಾಯಿ ಕಲಿಸದೆ ಬಿಟ್ಟದ್ದೂ ಅಲ್ಲ. ಆದರೂ ವಾಸನೆ ಬಂದೀತೆಂಬ ಅಂಜಿಕೆಯಿಂದ ಆ ಮಗು ಶಾಲೆಗೆ ಹೋಗುವುದು, ಮಠಕ್ಕೆ ಬರುವುದು ನಿಲ್ಲುತ್ತದೆ. ಅದರೊಂದಿಗೆ ತಾಯಿಯೂ ಮನೆಯೊಳಗೇ ಉಳಿಯುತ್ತಾಳೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರು. ಹುಟ್ಟಿದ ಕೂಸಿಗೇ ಲಿಂಗಧಾರಣೆ ಮಾಡುವವರು ನಾವು. ಹಾಗಿರುವಾಗ ಒದ್ದೆಯಾದ ಬಟ್ಟೆಯ ಮಗುವನ್ನು ಕಂಡು ಮುಖ ತಿರುಗಿಸಿದರೆ ಆರನೆಯ ಸೂತಕವೊಂದನ್ನು ನಾವೇ ಹುಟ್ಟಿಸಿದಂತೆ.

ಇನ್ನು ಲೆಕ್ಕಕ್ಕೆ ಬರೋಣ. ದಿನಕ್ಕೆ ನಾಲ್ಕು ಡೈಪರ್, ಒಂದಕ್ಕೆ 30 ರೂಪಾಯಿ ಹಿಡಿದರೂ ತಿಂಗಳಿಗೆ 3,600 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಆದರೂ ಕೂಲಿಯ ಮನೆಗೆ ಇದು ಹೊರೆಯೇ. ದುಡ್ಡು ಉಳಿಸಲೆಂದು ಒಂದನ್ನೇ ಇಡೀ ದಿನ ಬಿಟ್ಟರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ.

ಸರ್ಕಾರದಿಂದ ಸಿಗುವುದನ್ನು ಮೊದಲು ಪಡೆಯಬೇಕು. ಯುಡಿಐಡಿ ಕಾರ್ಡ್ ಮಾಡಿಸಿ. ಶೇ. 40ರಷ್ಟಾದರೂ ಅಂಗವೈಕಲ್ಯವಿದ್ದು ಆದಾಯ ಮಿತಿಯೊಳಗಿದ್ದರೆ, 1981ರಿಂದ ನಡೆದುಬಂದಿರುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಗಾಲಿಕುರ್ಚಿ, ಸಿಪಿ ಕುರ್ಚಿಯಂಥ ಸಾಧನಗಳು ದೊರೆಯುತ್ತವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಇದೆ. ಆದರೆ ಗಾಲಿಕುರ್ಚಿ ಕೆಲವು ವರ್ಷ ಬಾಳುತ್ತದೆ. ಡೈಪರ್ ದಿನವೂ ಬೇಕು. ಆ ಕೊರತೆಯನ್ನು ತುಂಬಬೇಕಾದವರು ನಾವು.

ಎಂಜಿನಿಯರ್ ಆಗಿ ಅಳತೆಯ ಮಾತೊಂದನ್ನು ಹೇಳುತ್ತೇನೆ. ದೊಡ್ಡವರ ಗಾಲಿಕುರ್ಚಿಯಲ್ಲಿ ಮಗುವನ್ನು ಕೂರಿಸಿದರೆ ದೇಹ ಒಂದು ಕಡೆಗೆ ವಾಲುತ್ತದೆ, ಪಾದ ನೇತಾಡುತ್ತದೆ, ಬೆನ್ನು ಸೊಟ್ಟಗಾಗುವ ಭಯವಿದೆ. ಫಿಸಿಯೋಥೆರಪಿಸ್ಟ್ ಅಳತೆ ನೋಡಿದ ಮೇಲೆಯೇ ಕುರ್ಚಿ ಕೊಡಬೇಕು. ಮಕ್ಕಳು ಬೆಳೆಯುವುದರಿಂದ ಸಾಧನಗಳು ಬೇಗ ಚಿಕ್ಕದಾಗಿ ಮನೆಯ ಅಟ್ಟ ಸೇರುತ್ತವೆ. ಅಲ್ಲಿ ಧೂಳು ತಿನ್ನುವ ಕುರ್ಚಿ ಇನ್ನೊಂದು ಮಗುವಿಗೆ ಕಾಲಾಗಬಲ್ಲದು.

ಆದ್ದರಿಂದ ನನ್ನ ಕೋರಿಕೆ ಮೂರು.

ಒಂದು, ಮಠದಲ್ಲಿ ಒಂದು ಕೋಣೆ, ಒಂದು ರಿಜಿಸ್ಟರ್. ಬಂದ ಸಾಧನವನ್ನು ತೊಳೆದು, ಬ್ರೇಕ್, ಚಕ್ರ, ಪಟ್ಟಿ ಪರೀಕ್ಷಿಸಿ ಎರವಲು ಕೊಡೋಣ. ನೆಬ್ಯುಲೈಸರ್‌ನ ಮಾಸ್ಕ್, ಸಕ್ಷನ್ ಯಂತ್ರದ ಕೊಳವೆಗಳನ್ನು ಮಾತ್ರ ಒಬ್ಬರದು ಇನ್ನೊಬ್ಬರಿಗೆ ಬೇಡ.

ಎರಡು, ಹುಟ್ಟುಹಬ್ಬ, ಲಿಂಗೈಕ್ಯರ ಸ್ಮರಣೆಯ ದಿನಗಳಲ್ಲಿ ಅನ್ನದಾಸೋಹಕ್ಕೆ ಕೊಡುವಂತೆಯೇ ಒಂದು ಮಗುವಿನ ತಿಂಗಳ ಡೈಪರ್ ವೆಚ್ಚ ಕೊಡೋಣ. ಸೊಂಟದ ಅಳತೆ ಕೇಳಿಯೇ ಕೊಳ್ಳೋಣ. ಪಡೆದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು ಬೇಡ, ಫೋಟೊವೂ ಬೇಡ.

ಮೂರು, ಮಠದ ಶೌಚಾಲಯದಲ್ಲಿ ದೊಡ್ಡ ಮಗುವನ್ನು ಮಲಗಿಸಿ ಬಟ್ಟೆ ಬದಲಿಸಲು ಗಟ್ಟಿಯಾದ ಬೆಂಚು, ನೀರು, ಮುಚ್ಚಳದ ಬುಟ್ಟಿ ಇರಲಿ. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿಯೇ ಕೊಡೋಣ. ಅದನ್ನು ಒಯ್ಯುವ ಪೌರಕಾರ್ಮಿಕರದೂ ಕಾಯಕವೇ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ದೂರದ ಊರುಗಳಿಂದ ಮಕ್ಕಳನ್ನು ಕರೆತರುವ ತಾಯಂದಿರಿಗೂ ಇಂಥ ಜಾಗವೊಂದು ಈ ಊರಿನಲ್ಲಿ ಬೇಕು.

ಮುಂದಿನ ಗೋಷ್ಠಿಗೆ ಬರುವಾಗ ನಿಮ್ಮ ಬೀದಿಯಲ್ಲಿ ಮನೆಯಿಂದ ಹೊರಬರದ ಮಗು ಯಾವುದೆಂದು ವಿಚಾರಿಸಿ ಬನ್ನಿ. ಸಾಧ್ಯವಾದರೆ ಆ ಮಗುವನ್ನೂ ಕರೆದುಕೊಂಡೇ ಬನ್ನಿ.