ಮುಟ್ಟಿ ನೋಡುವ ಗೋದಲಿ
(ಕ್ರಿಸ್ತಜಯಂತಿಯ ನಡುರಾತ್ರಿ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಕತ್ತಲೆ ಮತ್ತು ಬೆಳಕಿನ ಕುರಿತು ಪ್ರವಾದಿ ಯೆಶಾಯ ಆಡಿದ ಮಾತುಗಳನ್ನು ಈಗತಾನೇ ಮೊದಲನೆಯ ವಾಚನದಲ್ಲಿ ಕೇಳಿದೆವು. ಪ್ರತಿ ವರ್ಷ ಈ ರಾತ್ರಿ ನಾನು ಬೆಳಕಿನ ಬಗ್ಗೆಯೇ ಮಾತನಾಡುತ್ತೇನೆ. ಹೊರಗೆ ತೂಗುವ ನಕ್ಷತ್ರವನ್ನು ತೋರಿಸುತ್ತೇನೆ, ಮೇಣದ ಬತ್ತಿಯನ್ನು ಎತ್ತಿ ಹಿಡಿಯುತ್ತೇನೆ. ಈ ವರ್ಷ ಹಾಗೆ ಮಾಡಲು ಆಗುತ್ತಿಲ್ಲ. ಏಕೆಂದರೆ ಮುಂದಿನ ಎರಡು ಬೆಂಚುಗಳಲ್ಲಿ ಹನ್ನೊಂದು ಜನ ಯುವಕ ಯುವತಿಯರು ಕುಳಿತಿದ್ದಾರೆ. ಇವರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕೆಲವರಿಗೆ ಬೆಳಕು ನೆರಳಿನ ವ್ಯತ್ಯಾಸವಷ್ಟೇ ತಿಳಿಯುತ್ತದೆ. ಇವರಿಗೆ ನಾನು ಯಾವ ನಕ್ಷತ್ರವನ್ನು ತೋರಿಸಲಿ?

ಇದೇ ಯೋಚನೆಯಲ್ಲಿ ಸಂತ ಲೂಕರ ಶುಭಸಂದೇಶವನ್ನು ಮತ್ತೆ ಓದಿದೆ. ಇಷ್ಟು ವರ್ಷ ಗಮನಿಸದಿದ್ದ ಒಂದು ಸಂಗತಿ ಹೊಳೆಯಿತು. ಆ ರಾತ್ರಿ ಕುರಿಗಾಹಿಗಳ ಸುತ್ತಲೂ ದೇವರ ಮಹಿಮೆ ಪ್ರಕಾಶಿಸಿತು, ನಿಜ. ಆದರೆ ದೇವದೂತ ಅವರಿಗೆ ಗುರುತಾಗಿ ಕೊಟ್ಟದ್ದು ಆ ಪ್ರಕಾಶವನ್ನಲ್ಲ, ನಕ್ಷತ್ರವನ್ನೂ ಅಲ್ಲ. ನಕ್ಷತ್ರ ಬರುವುದು ಸಂತ ಮತ್ತಾಯರ ಶುಭಸಂದೇಶದಲ್ಲಿ, ಜ್ಞಾನಿಗಳಿಗಾಗಿ. ಕುರಿಗಾಹಿಗಳಿಗೆ ಸಿಕ್ಕ ಗುರುತು ಮಗುವಿಗೆ ಸುತ್ತಿದ ಬಟ್ಟೆ ಮತ್ತು ದನಕರುಗಳಿಗೆ ಮೇವು ಹಾಕುವ ಗೋದಲಿ. ಎರಡೂ ಕೈಗೆ ಸಿಗುವ ವಸ್ತುಗಳು! ಕಗ್ಗತ್ತಲಲ್ಲೂ ಕೈಯಿಂದ ತಡವಿ ಕಂಡುಕೊಳ್ಳಬಹುದಾದ ವಸ್ತುಗಳು!

ನಮ್ಮ ಕನ್ನಡವೂ ಇದನ್ನೇ ಹೇಳುತ್ತದೆ. ನಾವು ಮುಟ್ಟಿ ನೋಡು ಎನ್ನುತ್ತೇವೆ, ರುಚಿ ನೋಡು ಎನ್ನುತ್ತೇವೆ, ಮೂಸಿ ನೋಡು, ಕೇಳಿ ನೋಡು ಎನ್ನುತ್ತೇವೆ. ನೋಡುವ ಕೆಲಸವನ್ನು ನಮ್ಮ ಹಿರಿಯರು ಕಣ್ಣೊಂದಕ್ಕೇ ಬಿಟ್ಟುಕೊಡಲಿಲ್ಲ.

ಪ್ರಿಯರೇ, ಈ ವರ್ಷದ ನಮ್ಮ ಗೋದಲಿಯನ್ನು ಮಾಡಿದವರು ಈ ಹನ್ನೊಂದು ಜನ. ಆಗಮನ ಕಾಲದ ಮೊದಲ ವಾರದಿಂದ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಸಭಾಂಗಣದಲ್ಲಿ ಕುಳಿತು ಮಾಡಿದರು. ಕುಂಬಾರರ ಮನೆಯಿಂದ ಹದ ಮಾಡಿದ ಜೇಡಿಮಣ್ಣು ಬಂತು. ಅಂಚುಳ್ಳ ತಟ್ಟೆಗಳನ್ನು ಒಬ್ಬೊಬ್ಬರ ಮುಂದೆ ಇಟ್ಟೆವು, ಕಡ್ಡಿ, ನೀರಿನ ಬಟ್ಟಲು ಜಾರಿ ಹೋಗಬಾರದೆಂದು. ಪ್ರತಿಯೊಂದಕ್ಕೂ ಒಂದು ಜಾಗ. ಆ ಜಾಗ ಬದಲಾಗಕೂಡದು. ಗೊಂಬೆಯ ಕೈಯನ್ನು ಮೈಗೆ ಅಂಟಿಸುವ ಮುನ್ನ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳುವಾದ ಕೆಸರು ಸವರಬೇಕು. ಇಲ್ಲದಿದ್ದರೆ ಒಣಗಿದಾಗ ಬಿಟ್ಟುಕೊಳ್ಳುತ್ತದೆ. ಇದನ್ನು ನಾನು ಕಲಿತದ್ದು ಇವರ ಜೊತೆಯಲ್ಲೇ.

ಇವರಿಗೆ ಕಲಿಸಲು ಬಂದ ಶಿಕ್ಷಕಿ ಮೊದಲ ದಿನವೇ ನನ್ನನ್ನು ತಿದ್ದಿದರು. ನಾನು ಒಬ್ಬ ಹುಡುಗನ ಕೈ ಹಿಡಿದು ಮಣ್ಣಿನ ಮೇಲೆ ಒತ್ತಿಸುತ್ತಿದ್ದೆ. "ಫಾದರ್, ಹಾಗೆ ಹಿಡಿಯಬಾರದು. ನಿಮ್ಮ ಕೈ ಕೆಳಗಿರಲಿ, ಅವನ ಕೈ ನಿಮ್ಮ ಕೈಮೇಲಿರಲಿ. ಬೇಕಾದಷ್ಟು ಹೊತ್ತು ಅವನು ಮುಟ್ಟಿ ತಿಳಿದುಕೊಳ್ಳಲಿ, ಬೇಡವೆನಿಸಿದರೆ ಕೈ ತೆಗೆಯಲಿ" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮೇಲಿನಿಂದ ಒತ್ತುವ ಕೈ ಬೇರೆ, ಕೆಳಗಿದ್ದು ದಾರಿ ತೋರುವ ಕೈ ಬೇರೆ. ದೇವರು ಈ ರಾತ್ರಿ ತಮ್ಮ ಕೈಯನ್ನು ನಮ್ಮ ಕೈಯ ಕೆಳಗೆ ಇಟ್ಟರಲ್ಲವೇ?

ಕುರಿ ಮಾಡಬೇಕಾದ ಹುಡುಗ ಕುರಿಯನ್ನು ಎಂದೂ ಮುಟ್ಟಿರಲಿಲ್ಲ. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಒಂದು ಮರಿಯನ್ನು ಹೊತ್ತುಕೊಂಡು ಬಂದರು. ಅದು ಅವನ ಅಂಗೈ ನೆಕ್ಕಿತು. ಅವನು ಮಾಡಿದ ಕುರಿ ನಾಲಿಗೆ ಹೊರಚಾಚಿಕೊಂಡೇ ನಿಂತಿದೆ! ಇನ್ನೊಬ್ಬ ತರುಣ ಮಾಡಿದ ಮಾತೆ ಮರಿಯಮ್ಮನವರಿಗೆ ಮುಖ ಅಷ್ಟಾಗಿ ಇಲ್ಲ, ಮಡಿಲು ಮಾತ್ರ ವಿಶಾಲವಾಗಿದೆ. ಕೇಳಿದ್ದಕ್ಕೆ, "ಅಮ್ಮ ಅಂದ್ರೆ ನನಗೆ ಮಡಿಲು, ಫಾದರ್" ಎಂದ. ಸ್ವಲ್ಪ ದೃಷ್ಟಿಯಿರುವ ಇಬ್ಬರು ಹಿಂದಿನ ಪರದೆಗೆ ಬಣ್ಣ ಹಚ್ಚಿದರು. ಕಪ್ಪಿನ ಮೇಲೆ ದಟ್ಟ ಹಳದಿ. ಅವರಿಗೆ ಚೆನ್ನಾಗಿ ಕಾಣುವುದು ಅದೇ.

ಈಗ ನನ್ನದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು. ಬಾಲಯೇಸುವನ್ನು ಮಾಡಿದವಳು ಹದಿನೇಳು ವರ್ಷದ ಒಬ್ಬ ಹುಡುಗಿ. ಆ ಮಗುವಿನ ಮುಷ್ಟಿ ಅದರ ತಲೆಯಷ್ಟೇ ದೊಡ್ಡದಾಗಿತ್ತು. ಹಬ್ಬದ ದಿನ ಜನ ನಕ್ಕರೆ ಇವಳಿಗೆ ನೋವಾದೀತೆಂದು ನನಗೆ ನಾನೇ ಹೇಳಿಕೊಂಡೆ. ಅಂದು ರಾತ್ರಿ ಹಸಿಬಟ್ಟೆ ಸರಿಸಿ, ಚಾಕುವಿನಿಂದ ಆ ಮುಷ್ಟಿಯನ್ನು ಕೆತ್ತಿ ಚಿಕ್ಕದು ಮಾಡಿದೆ. ಬೆಳಿಗ್ಗೆ ಅವಳು ಬಂದು ಮುಟ್ಟಿ ನೋಡಿದಳು. ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಫಾದರ್, ಇದು ನನ್ನ ಮಗು ಅಲ್ಲ" ಎಂದಳು.

ನಾನೇ ತಿದ್ದಿದೆನೆಂದು ಹೇಳಿದೆ. ಆಗ ಅವಳು ವಿವರಿಸಿದಳು: "ಅಕ್ಕನಿಗೆ ಮಗು ಹುಟ್ಟಿದಾಗ ನನ್ನ ಬೆರಳು ಕೊಟ್ಟೆ. ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿತು ಗೊತ್ತಾ! ಅಂದು ನನಗೆ ಮಗು ಅಂದ್ರೆ ಅದೇ ಹಿಡಿತ." ಸಹೋದರರೇ, ನನಗೆ ಬಹಳ ನಾಚಿಕೆಯಾಯಿತು. ದೇವರು ಮನುಷ್ಯನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡರು ಎಂಬ ಕ್ರಿಸ್ತಜಯಂತಿಯ ಸತ್ಯವನ್ನು ಅವಳು ಮಣ್ಣಿನಲ್ಲಿ ಬರೆದಿದ್ದಳು. ಕಣ್ಣಿದ್ದ ನಾನು ಅದನ್ನು ಅಳಿಸಿ ಹಾಕಿದ್ದೆ. ಕ್ಷಮೆ ಕೇಳಿದೆ. ಅವಳು ಮತ್ತೆ ಮಣ್ಣು ಕೈಗೆತ್ತಿಕೊಂಡಳು.

ಯೆರಿಕೋ ದಾರಿಯಲ್ಲಿ ಕೂಗಿಕೊಂಡ ಬಾರ್ತಿಮಾಯನನ್ನು ನೆನೆಯಿರಿ. ಅವನಿಗೆ ಏನು ಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಯೇಸುಸ್ವಾಮಿ ಅವನನ್ನೇ ಕರೆದು, ತನ್ನಿಂದ ಏನಾಗಬೇಕೆಂದು ಕೇಳಿದರು. ಸರ್ವವನ್ನೂ ಬಲ್ಲ ಪ್ರಭುವೇ ಕೇಳಿದರು, ನಾನು ಕೇಳಲಿಲ್ಲ. ಸಂತ ಯೊವಾನ್ನರ ಶುಭಸಂದೇಶದ ಹುಟ್ಟುಕುರುಡನ ಪ್ರಸಂಗದಲ್ಲಿ ಶಿಷ್ಯರು ಇದು ಯಾರ ಪಾಪದ ಫಲವೆಂದು ವಿಚಾರಿಸಿದರು. ಪ್ರಭು ಅವನ ಪಾಪವೂ ಅಲ್ಲ, ಹೆತ್ತವರದೂ ಅಲ್ಲ ಎಂದು ಆ ಪ್ರಶ್ನೆಯನ್ನೇ ತಳ್ಳಿಹಾಕಿ, ನೆಲಕ್ಕೆ ಬಗ್ಗಿ ಮಣ್ಣು ಕಲಸಿದರು. ಮಣ್ಣಾದ ಆ ಪವಿತ್ರ ಕೈಗಳನ್ನು ಈ ಮಕ್ಕಳ ಕೈಗಳಲ್ಲಿ ನಾನು ಕಂಡೆ.

ಕಣ್ಣಿಲ್ಲದವರಿಗೆ ಕಲೆ ಏತಕ್ಕೆ ಎಂದು ಕೇಳುವವರಿದ್ದಾರೆ. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರು 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆ ಫಲಿಸದೆ ದೃಷ್ಟಿಯನ್ನು ಪೂರ್ತಿಯಾಗಿ ಕಳೆದುಕೊಂಡರು. ಆದರೆ ಕೆಲಸ ಬಿಡಲಿಲ್ಲ. ಕಾಗದ ಮಡಚಿ ಕತ್ತರಿಸಿ ಚಿತ್ರ ಮಾಡಿದರು, ಬೆರಳಿನಿಂದ ಗೊಂಬೆ ತಿದ್ದಿದರು, 1972ರಲ್ಲಿ ಅಲ್ಲಿನ ಕಲಾಭವನದ ಗೋಡೆಗೆ ದೊಡ್ಡ ಚಿತ್ರವನ್ನೇ ರೂಪಿಸಿದರು. ಅವರ ಕುರಿತು ಸತ್ಯಜಿತ್ ರೇ ಸಾಕ್ಷ್ಯಚಿತ್ರ ತೆಗೆದರು. 1809ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿದ ಲೂಯಿ ಬ್ರೈಲ್, ಚರ್ಮದ ಕೆಲಸ ಮಾಡುತ್ತಿದ್ದ ತಂದೆಯ ಚೂಪಾದ ಸಲಕರಣೆ ಕಣ್ಣಿಗೆ ತಗುಲಿ ಬಾಲ್ಯದಲ್ಲೇ ಕುರುಡನಾದ. ಅದೇ ಹುಡುಗ ಹದಿನೈದರ ವಯಸ್ಸಿಗೆ, ಚುಚ್ಚಿ ಮೂಡಿಸುವ ಆರು ಚುಕ್ಕಿಗಳಲ್ಲಿ ಅಕ್ಷರಲೋಕವನ್ನೇ ಕಟ್ಟಿದ. ಮುಂದೆ ಪ್ಯಾರಿಸ್ಸಿನ ದೇವಾಲಯದಲ್ಲಿ ಆರ್ಗನ್ ನುಡಿಸಿದ. ನಮ್ಮ ಗದುಗಿನ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಇವರಾರೂ ನಮ್ಮ ಕನಿಕರಕ್ಕಾಗಿ ಕೈಚಾಚಿದವರಲ್ಲ; ನಮಗೆ ಕೊಟ್ಟವರು.

ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೋ ಊರಿನಲ್ಲಿ ಗೋದಲಿಯನ್ನು ಸಿದ್ಧಪಡಿಸಿದಾಗ ಅಲ್ಲಿ ನಿಜವಾದ ಹುಲ್ಲಿತ್ತು, ಎತ್ತು ಕತ್ತೆಗಳಿದ್ದವು. ನಾವಾದರೋ ಗೋದಲಿಗೆ ಬೇಲಿ ಕಟ್ಟಿ, "ದಯವಿಟ್ಟು ಮುಟ್ಟಬೇಡಿ" ಎಂದು ಫಲಕ ತೂಗುಹಾಕಿದೆವು. ಆ ಫಲಕ ಬರೆಸಿದವನೂ ನಾನೇ. ಈ ಸಂಜೆ ಅದನ್ನು ತೆಗೆದುಹಾಕಿದ್ದೇನೆ.

ಆದ್ದರಿಂದ ಈ ಹಬ್ಬದಲ್ಲಿ ನಿಮ್ಮಲ್ಲಿ ಮೂರು ಬಿನ್ನಹಗಳು. ಮೊದಲನೆಯದು, ಇವರನ್ನು ಕಂಡಾಗ "ಅಯ್ಯೋ ಪಾಪ" ಎನ್ನುವುದನ್ನು ಬಿಡೋಣ. ಹೆಸರು ಹಿಡಿದು ಮಾತನಾಡಿಸೋಣ. ಎರಡನೆಯದು, ಕೇಳದೆ ಕೈಹಿಡಿದು ಎಳೆಯುವುದು ಬೇಡ. ಏನು ಬೇಕೆಂದು ಕೇಳೋಣ. ಮೂರನೆಯದು, ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂಥ ಮಗುವಿದ್ದರೆ ನೆಂಟರು ಬಂದಾಗ ಒಳಕೋಣೆಗೆ ಕಳಿಸಬೇಡಿ. ಶಾಲೆಗೆ ಕಳಿಸಿ, ಪೂಜೆಗೆ ಕರೆತನ್ನಿ. ಹೊಸ ವರ್ಷದಿಂದ ನಮ್ಮ ಪೀಠದಲ್ಲಿ ಬ್ರೈಲ್ ಪುಟವಿಟ್ಟು ಇವರಲ್ಲೊಬ್ಬರು ವಾಚನ ಓದಲಿದ್ದಾರೆ.

ಪೂಜೆ ಮುಗಿದ ಮೇಲೆ ಎಲ್ಲರೂ ಗೋದಲಿಯ ಬಳಿ ಬನ್ನಿ. ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳಿ. ಈ ಹನ್ನೊಂದು ಜನ ನಿಮ್ಮ ಕೈಗಳಿಗೆ ದಾರಿ ತೋರುತ್ತಾರೆ. ಹುಲ್ಲನ್ನು, ಬಟ್ಟೆಯನ್ನು, ಕುರಿಯ ನಾಲಿಗೆಯನ್ನು ಮುಟ್ಟಿ ನೋಡಿ. ಕೊನೆಗೆ ಆ ದೊಡ್ಡ ಮುಷ್ಟಿಯೊಳಗೆ ನಿಮ್ಮ ಬೆರಳನ್ನು ಇಡಿ. ಅದಕ್ಕೆ ಬೇಕಾದಷ್ಟು ಜಾಗವನ್ನು ಅವಳು ಬಿಟ್ಟಿದ್ದಾಳೆ.

ನಮ್ಮ ಕೈಗೆ ಸಿಗುವಷ್ಟು ಸಮೀಪ ಬಂದ ಬಾಲಯೇಸು ನಮ್ಮೆಲ್ಲರನ್ನೂ ಹರಸಲಿ. ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು. ಆಮೆನ್.